ಸ್ವಯಂಸೇವಕ ಫೈರ್ ಕಂಪನಿಗೆ ಎಂಥ ಆಫೀಸರ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಅಮೆರಿಕದ ಸ್ವಯಂಸೇವಕ ಫೈರ್ ಕಂಪನಿಗಳ ಬಗ್ಗೆ. ಅಲ್ಲಿ ನೆಲೆಸಿ ಊರಿನ ಕಂಪನಿಗೆ ಸೇರಿರುವ ಅಥವಾ ಸೇರಬೇಕೆಂದಿರುವ ಕನ್ನಡಿಗರಿಗೆ, ಮೊದಲ ಸಲ ಲೆಫ್ಟಿನೆಂಟ್ ಹುದ್ದೆಗೆ ನಿಲ್ಲುವವರಿಗೆ, ಆ ಹುದ್ದೆಗೆ ಯಾರಿಗೆ ಓಟು ಹಾಕಲಿ ಎಂದು ಯೋಚಿಸುತ್ತಿರುವವರಿಗೆ ಇದು ಉಪಯೋಗವಾದೀತು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ನಿಮ್ಮ ಕಂಪನಿಯ ಬೈಲಾ ಮತ್ತು ಲಿಖಿತ ಕಾರ್ಯವಿಧಾನವನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಸ್ವಯಂಸೇವಕ ಫೈರ್ ಕಂಪನಿ ಅಂದರೇನು? ನಮ್ಮ ಕಡೆಯ ಅಗ್ನಿಶಾಮಕ ಠಾಣೆಯ ಥರವೇ?

ಅಲ್ಲ. ಕರ್ನಾಟಕದಲ್ಲಿ ಬೆಂಕಿ ನಂದಿಸುವುದು ಸರ್ಕಾರಿ ಇಲಾಖೆಯ ಕೆಲಸ. ಸಿಬ್ಬಂದಿ ಸಂಬಳದವರು, ಬಡ್ತಿ ಇಲಾಖೆಯ ಆದೇಶದ ಮೇಲೆ. ಅಮೆರಿಕದ ಸಣ್ಣ ಊರುಗಳಲ್ಲಿ ಊರಿನವರೇ ಕಟ್ಟಿಕೊಂಡ, ಹೆಚ್ಚಿನ ಕಡೆ ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿದ ಕಂಪನಿ ಈ ಕೆಲಸ ಮಾಡುತ್ತದೆ. ಮೇಷ್ಟ್ರು, ಪ್ಲಂಬರ್, ಸಾಫ್ಟ್‌ವೇರ್ ಎಂಜಿನಿಯರ್ ಎಲ್ಲರೂ ಪೇಜರ್ ಕೂಗಿದಾಗ ಮನೆಯಿಂದಲೋ ಕೆಲಸದಿಂದಲೋ ಓಡಿ ಬರುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ 1736ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿ ಈ ಪರಂಪರೆಯ ಹಳೆಯ ಹೆಸರು. ಸದಸ್ಯರು ಚರ್ಮದ ಬಕೆಟ್‌ಗಳನ್ನೂ, ಉರಿಯುವ ಮನೆಯಿಂದ ಸಾಮಾನು ಹೊರತರಲು ಚೀಲಗಳನ್ನೂ ಸದಾ ಸಿದ್ಧವಾಗಿಡಬೇಕೆಂಬುದು ಅದರ ಕರಾರು.

2020ರ ಅಂದಾಜಿನಂತೆ ಅಮೆರಿಕದ ಸುಮಾರು 10.4 ಲಕ್ಷ ಅಗ್ನಿಶಾಮಕರಲ್ಲಿ 6.77 ಲಕ್ಷ ಮಂದಿ, ಅಂದರೆ ನೂರಕ್ಕೆ 65ರಷ್ಟು, ಸ್ವಯಂಸೇವಕರು. 1984ರಲ್ಲಿ ಈ ಸಂಖ್ಯೆ 8.97 ಲಕ್ಷ ದಾಟಿತ್ತು. ಬರುವವರು ಕಡಿಮೆಯಾದಷ್ಟೂ ಇರುವವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದು ಮುಖ್ಯವಾಗುತ್ತದೆ.

ಚೀಫ್ ದೊಡ್ಡವರೋ, ಪ್ರೆಸಿಡೆಂಟ್ ದೊಡ್ಡವರೋ?

ಎರಡು ಬೇರೆ ಸಾಲುಗಳಿವೆ. ಚೀಫ್, ಅಸಿಸ್ಟೆಂಟ್ ಚೀಫ್, ಕ್ಯಾಪ್ಟನ್, ಲೆಫ್ಟಿನೆಂಟ್ ಇವರು ಬೆಂಕಿಯ ಸ್ಥಳ, ತರಬೇತಿ ಮತ್ತು ವಾಹನಗಳಿಗೆ ಹೊಣೆ. ಪ್ರೆಸಿಡೆಂಟ್, ಸೆಕ್ರೆಟರಿ, ಟ್ರೆಶರರ್, ಟ್ರಸ್ಟಿಗಳು ಕಟ್ಟಡ, ಹಣ, ವಿಮೆ, ಸದಸ್ಯತ್ವಕ್ಕೆ ಹೊಣೆ. ಬೆಂಕಿಯ ಸ್ಥಳದಲ್ಲಿ ಪ್ರೆಸಿಡೆಂಟ್ ಕೂಡ ಲೆಫ್ಟಿನೆಂಟ್ ಹೇಳಿದಂತೆ ಕೇಳಬೇಕು. ಮೀಟಿಂಗ್ ಹಾಲ್‌ನಲ್ಲಿ ಚೀಫ್‌ಗೂ ಒಂದೇ ಓಟು.

ಜಗಳ ಹುಟ್ಟುವುದು ಗಡಿಯ ಮೇಲೆ. ಚೀಫ್‌ಗೆ ಹೊಸ ಏರ್ ಪ್ಯಾಕ್ (ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಮತ್ತು ಮಾಸ್ಕ್) ಬೇಕು, ಟ್ರೆಶರರ್ ದುಡ್ಡಿಲ್ಲ ಅನ್ನುತ್ತಾರೆ. ಇಂಥದ್ದಕ್ಕೆ ಬಜೆಟ್ ಬರೆಯುವಾಗಲೇ ಉತ್ತರವಿರಬೇಕು: ಎಷ್ಟು ಡಾಲರ್‌ವರೆಗೆ ಚೀಫ್ ಯಾರನ್ನೂ ಕೇಳದೆ ಖರ್ಚು ಮಾಡಬಹುದು, ಅದರ ಮೇಲೆ ಯಾರ ಒಪ್ಪಿಗೆ ಬೇಕು ಎಂದು ಬೈಲಾದಲ್ಲಿ ಅಂಕಿಯಲ್ಲೇ ಬರೆಯಿರಿ.

ಸಂಬಳ ಕೊಡದವರಿಗೆ ಆಜ್ಞೆ ಮಾಡುವುದು ಹೇಗೆ?

ಬೆಂಕಿಯ ಮುಂದೆ ಆಜ್ಞೆ ಸಣ್ಣದಾಗಿ, ಖಚಿತವಾಗಿ ಇರಬೇಕು. ಅಲ್ಲಿ ಚರ್ಚೆ ಇಲ್ಲ. ಆದರೆ ಆ ಆಜ್ಞೆಗೆ ಬೆಲೆ ಬರುವುದು ಉಳಿದ ದಿನಗಳಲ್ಲಿ. ಸ್ವಯಂಸೇವಕನ ಬಳಿ ಒಂದು ದೊಡ್ಡ ಅಸ್ತ್ರವಿದೆ: ಪೇಜರ್ ಕೂಗಿದಾಗ ಬಾರದೇ ಇರುವುದು. ಕಾರಣ ಹೇಳುವ ಅಗತ್ಯವೂ ಅವನಿಗಿಲ್ಲ. ಎಲ್ಲರೆದುರು ಬೈಸಿಕೊಂಡವನು ರಾಜೀನಾಮೆ ಕೊಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ಪಟ್ಟಿಯಲ್ಲಿ ನಲವತ್ತು ಹೆಸರಿದ್ದು ಎಂಜಿನ್ (ಪಂಪ್ ಇರುವ ಬೆಂಕಿ ವಾಹನ) ಹತ್ತುವವರು ಏಳೆಂಟೇ ಜನ ಇರುವ ಕಂಪನಿಗಳಲ್ಲಿ ಇಂಥ ಕಥೆ ಬಹಳ.

ಹಾಗಾಗಿ ತಪ್ಪನ್ನು ಖಾಸಗಿಯಾಗಿ, ಅದೇ ದಿನ ಹೇಳಿ. ಹೇಳುವಾಗ ಮನುಷ್ಯನನ್ನಲ್ಲ, ಕೆಲಸವನ್ನು ಹೆಸರಿಸಿ. "ನೀನು ಸರಿಯಿಲ್ಲ" ಎಂದರೆ ಅವನಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. "ಬಾಗಿಲ ಹತ್ತಿರ ಹೋಸ್ ಪೈಪು ತಿರುಚಿಕೊಂಡಿತ್ತು, ಒಳಗಿದ್ದವರಿಗೆ ನೀರಿನ ಒತ್ತಡ ಸಿಗಲಿಲ್ಲ" ಎಂದರೆ ಸಿಗುತ್ತದೆ. ಒಂದೇ ಅಪವಾದ: ಜೀವಕ್ಕೆ ಅಪಾಯವಾಗುವ ತಪ್ಪು. ಅದನ್ನು ಅಲ್ಲೇ, ಎಲ್ಲರಿಗೂ ಕೇಳುವಂತೆ ನಿಲ್ಲಿಸಬೇಕು.

ಓಟು ಹಾಕಿ ಚೀಫ್‌ನ ಆರಿಸುವುದು ಸರಿಯೇ?

ಬಹಳಷ್ಟು ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಚುನಾವಣೆಯೇ ದಾರಿ. ಅದರ ದೌರ್ಬಲ್ಯ ಎಲ್ಲರಿಗೂ ಗೊತ್ತಿರುವುದೇ: ಎಲ್ಲರಿಗೂ ಬೇಕಾದವರು ಗೆಲ್ಲುತ್ತಾರೆ, "ಬೇಡ" ಎನ್ನುವವರು ಸೋಲುತ್ತಾರೆ. ದೊಡ್ಡ ಕುಟುಂಬವೊಂದರ ಏಳೆಂಟು ಸದಸ್ಯರಿದ್ದರೆ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ. ಚುನಾವಣೆ ಬಿಡಲಾಗದಿದ್ದರೆ ಅಭ್ಯರ್ಥಿಯ ಅರ್ಹತೆಯನ್ನಾದರೂ ಬಿಗಿ ಮಾಡಿ. ಇಷ್ಟು ವರ್ಷ ಸಕ್ರಿಯ ಸೇವೆ, ಇಂತಿಂಥ ಪ್ರಮಾಣಪತ್ರ, ಕಳೆದ ವರ್ಷದ ಕರೆ ಮತ್ತು ತರಬೇತಿಗಳಲ್ಲಿ ಇಷ್ಟು ಹಾಜರಿ. ಇವು ಮುಗಿಯದವರ ಹೆಸರು ಮತಪತ್ರದಲ್ಲಿ ಬರಲೇಬಾರದು. "ಬೇರೆ ಯಾರೂ ಸಿಗಲಿಲ್ಲ" ಎಂದು ಒಮ್ಮೆ ಸಡಿಲಿಸಿದ ನಿಯಮವನ್ನು ಮತ್ತೆ ಬಿಗಿ ಮಾಡುವುದು ಕಷ್ಟ.

ಲೆಫ್ಟಿನೆಂಟ್ ಆಗುವ ಮೊದಲು ಏನೇನು ಕಲಿತಿರಬೇಕು?

ಫೈರ್‌ಫೈಟರ್ 1 ಮತ್ತು 2 ಎಂಬ ಮೂಲ ತರಬೇತಿಗಳು ಮುಗಿದಿರಬೇಕು. ಅದರ ಮೇಲೆ, ಬೆಂಕಿ ಸುರಕ್ಷತೆಯ ಮಾನದಂಡ ಬರೆಯುವ ಎನ್‌ಎಫ್‌ಪಿಎ ಸಂಸ್ಥೆ ಹೇಳಿದ ಫೈರ್ ಆಫೀಸರ್ 1. ಘಟನಾ ನಿರ್ವಹಣೆಯ (ಸ್ಥಳದಲ್ಲಿ ಯಾರು ಯಾರ ಕೈಕೆಳಗೆ ಎಂಬ ವ್ಯವಸ್ಥೆ) 100, 200, 700, 800 ಕೋರ್ಸ್‌ಗಳನ್ನು ಫೆಮಾ ಎಂಬ ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಮೇರಿಲ್ಯಾಂಡ್‌ನ ಎಮಿಟ್ಸ್‌ಬರ್ಗ್‌ನಲ್ಲಿರುವ ನ್ಯಾಷನಲ್ ಫೈರ್ ಅಕಾಡೆಮಿಯಲ್ಲಿ ಬೋಧನಾ ಶುಲ್ಕವಿಲ್ಲ.

ಪ್ರಮಾಣಪತ್ರಕ್ಕಿಂತ ಮೊದಲು ನೋಡಬೇಕಾದ ಒಂದು ಸಂಗತಿ ಇದೆ. ಅವರಿಗೆ ಪಂಪ್ ನಡೆಸಲು ಬರುತ್ತದೆಯೇ? ಪಂಪ್ ಪ್ಯಾನೆಲ್ ಮುಂದೆ ನಿಲ್ಲದವರು ನೀರಿನ ಲೆಕ್ಕವನ್ನು ಯಾವಾಗಲೂ ಹೆಚ್ಚಾಗಿಯೇ ಅಂದಾಜು ಮಾಡುತ್ತಾರೆ.

ಪೇಜರ್ ಕೂಗಿದರೆ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಆಫೀಸರ್ ಏನು ಮಾಡಬೇಕು?

ಸಂಬಳದ ಠಾಣೆಗೂ ಸ್ವಯಂಸೇವಕ ಕಂಪನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಡ್ರೈವರ್ ಮತ್ತು ಇನ್ನಿಬ್ಬರು ಬರಬಹುದು, ಅದೇ ರಾತ್ರಿ ಹದಿನೆಂಟು ಜನ. ಸ್ವಯಂಸೇವಕ ಇಲಾಖೆಗಳಿಗಾಗಿ ಬರೆದ ಎನ್‌ಎಫ್‌ಪಿಎ 1720 ಮಾನದಂಡ ಜನಸಾಂದ್ರತೆ ನೋಡಿ ಗುರಿ ಇಡುತ್ತದೆ: ನಗರ ಪ್ರದೇಶದಲ್ಲಿ 9 ನಿಮಿಷದಲ್ಲಿ 15 ಜನ, ಉಪನಗರದಲ್ಲಿ 10 ನಿಮಿಷದಲ್ಲಿ 10 ಜನ, ಗ್ರಾಮೀಣದಲ್ಲಿ 14 ನಿಮಿಷದಲ್ಲಿ 6 ಜನ. ನಿಮ್ಮ ಕಳೆದ ವರ್ಷದ ಕರೆಗಳನ್ನು ತೆಗೆದು, ವಾರದ ದಿನ ಮತ್ತು ಗಂಟೆಯ ಪ್ರಕಾರ ಎಷ್ಟು ಜನ ಬಂದರೆಂದು ಒಂದು ಕೋಷ್ಟಕ ಮಾಡಿ. ಹಗಲಿನ ಖಾನೆ ನೋಡಿದರೆ ನಿದ್ದೆ ಹಾರುತ್ತದೆ.

ಆಮೇಲೆ ಪಕ್ಕದ ಊರಿನ ಚೀಫ್ ಜೊತೆ ಕೂತು ಸ್ವಯಂಚಾಲಿತ ನೆರವಿನ ಒಪ್ಪಂದ ಬರೆಯಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಕಟ್ಟಡದ ಬೆಂಕಿ ಎಂದು ಕರೆ ಬಂದ ಕೂಡಲೇ ಎರಡು ಮೂರು ಕಂಪನಿಗಳು ಒಟ್ಟಿಗೆ ಹೊರಡಬೇಕು. ಸ್ಥಳಕ್ಕೆ ಹೋಗಿ ಹೊಗೆ ನೋಡಿ ಆಮೇಲೆ ನೆರವು ಕೇಳಿದರೆ ಹತ್ತು ಹದಿನೈದು ನಿಮಿಷ ಹೋಗಿಯೇ ಹೋಯಿತು. ಇದಕ್ಕೆ ಅಡ್ಡ ಬರುವುದು ಅಭಿಮಾನ. "ನಮ್ಮ ಊರಿನ ಬೆಂಕಿಗೆ ಅವರೇಕೆ?" ಎನ್ನುವ ಚೀಫ್‌ಗೆ ಆ ಹಗಲಿನ ಖಾನೆ ತೋರಿಸಿ.

ಮೂವರೇ ಬಂದಿದ್ದೇವೆ. ಒಳಗೆ ಹೋಗಬಹುದೇ?

ಓಶಾ (ಫೆಡರಲ್ ಕಾರ್ಮಿಕ ಸುರಕ್ಷತಾ ಸಂಸ್ಥೆ) ನಿಯಮದ ಪ್ರಕಾರ ಉರಿಯುವ ಕಟ್ಟಡದೊಳಗೆ ಕನಿಷ್ಠ ಇಬ್ಬರು ಜೊತೆಯಾಗಿ ಹೋಗಬೇಕು, ಹೊರಗೆ ಕನಿಷ್ಠ ಇಬ್ಬರು ಅವರನ್ನು ಕಾಪಾಡಲು ಸಜ್ಜಾಗಿ ನಿಂತಿರಬೇಕು. ಹೊರಗಿನ ಇಬ್ಬರಲ್ಲಿ ಒಬ್ಬರಿಗೆ ಕಮಾಂಡ್‌ನಂಥ, ಅಂದರೆ ಸ್ಥಳದ ಎಲ್ಲ ಕೆಲಸವನ್ನು ನಡೆಸುವಂಥ, ಇನ್ನೊಂದು ಕೆಲಸ ಇರಬಹುದು, ಅದನ್ನು ಬಿಟ್ಟು ಓಡಿದರೆ ಬೇರೆಯವರ ಜೀವಕ್ಕೆ ತೊಂದರೆ ಆಗಬಾರದಷ್ಟೇ. ಒಳಗೆ ಸಿಕ್ಕಿಬಿದ್ದವರ ಪ್ರಾಣ ಉಳಿಸುವ ತುರ್ತಿಗೆ ನಾಲ್ವರು ಸೇರುವ ತನಕ ಕಾಯಬೇಕಿಲ್ಲ ಎಂಬ ವಿನಾಯಿತಿ ಇದೆ. ಕೆಲವು ರಾಜ್ಯಗಳಲ್ಲಿ ಈ ನಿಯಮ ಸ್ವಯಂಸೇವಕರಿಗೆ ಕಾನೂನಾಗಿ ಅನ್ವಯಿಸದೆ ಇರಬಹುದು. ಹಾಗಿದ್ದರೂ ಪಾಲಿಸಿ.

ಮೂವರೇ ಇದ್ದು, ಮನೆಯವರೆಲ್ಲ ಹೊರಗೆ ಬಂದಿದ್ದರೆ ಹೊರಗಿನಿಂದಲೇ ಕಿಟಕಿಯ ಮೂಲಕ ನೀರು ಹೊಡೆಯಿರಿ. ಬೆಂಕಿ ತಗ್ಗುತ್ತದೆ, ಮುಂದಿನ ಎಂಜಿನ್ ಬರುವಷ್ಟರಲ್ಲಿ ಒಳಗಿನ ಸ್ಥಿತಿ ಸುಧಾರಿಸಿರುತ್ತದೆ.

ಮೊದಲು ತಲುಪಿದ ಆಫೀಸರ್ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು?

ಕಟ್ಟಡ ದಾಟಿ ಸ್ವಲ್ಪ ಮುಂದೆ ಎಂಜಿನ್ ನಿಲ್ಲಿಸಲು ಡ್ರೈವರ್‌ಗೆ ಹೇಳಿ. ಮೂರು ಬದಿ ಕಣ್ಣಿಗೆ ಬೀಳುತ್ತದೆ, ಮುಂಭಾಗ ಏಣಿ ವಾಹನಕ್ಕೆ ಉಳಿಯುತ್ತದೆ. ಇಳಿಯುವ ಮೊದಲೇ ರೇಡಿಯೋದಲ್ಲಿ ವರದಿ: "ಎಂಜಿನ್ 21 ಸ್ಥಳದಲ್ಲಿ. ಎರಡಂತಸ್ತಿನ ಮರದ ಮನೆ. ಎರಡನೇ ಮಹಡಿಯ ಎರಡು ಕಿಟಕಿಯಿಂದ ಬೆಂಕಿ, ಎ ಬದಿ. ಕಮಾಂಡ್ ನನ್ನದು. ಒಳಗಿನಿಂದ ದಾಳಿ ಶುರು." ಹತ್ತು ಹದಿನೈದು ಸೆಕೆಂಡ್ ಸಾಕು. ಕಿರುಚಬೇಡಿ. ಮೊದಲ ಆಫೀಸರ್‌ನ ದನಿ ಏರಿದರೆ ಹಿಂದೆ ಬರುವ ಪ್ರತಿ ಡ್ರೈವರ್‌ನ ಕಾಲೂ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ.

ನಂತರ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ. ಮುಂಭಾಗ ಎ, ಅದನ್ನು ನೋಡುತ್ತ ನಿಂತರೆ ಎಡಕ್ಕೆ ಬಿ, ಹಿಂದೆ ಸಿ, ಬಲಕ್ಕೆ ಡಿ. ಹಿಂಬದಿ ನೋಡದೆ ತೀರ್ಮಾನ ಮಾಡಿದ ಆಫೀಸರ್‌ಗಳು ಸಿಕ್ಕಿಬೀಳುವುದು ಇಳಿಜಾರಿನ ಮನೆಗಳಲ್ಲಿ: ಮುಂದಿನಿಂದ ಎರಡಂತಸ್ತು, ಹಿಂದಿನಿಂದ ಮೂರು. ಬೆಂಕಿ ನೆಲಮಾಳಿಗೆಯಲ್ಲಿದೆ, ತಂಡ ಮಾತ್ರ ಮುಂಬಾಗಿಲಿನಿಂದ ಹೊಕ್ಕು ಅದರ ನೆತ್ತಿಯ ಮೇಲೆ ಓಡಾಡುತ್ತಿದೆ. ಯುಎಲ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ 2008ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಹಳೆಯ ಗಟ್ಟಿ ಮರದ ತೊಲೆಗಳ ನೆಲ 18 ನಿಮಿಷಕ್ಕೂ ಹೆಚ್ಚು ತಡೆಯಿತು, ಹೊಸ ಬಗೆಯ ಹಗುರ ಐ-ಜಾಯ್ಸ್ಟ್ (ತೆಳು ಹಲಗೆಯಿಂದ ಜೋಡಿಸಿದ ತೊಲೆ) ನೆಲ, ಕೆಳಗೆ ಜಿಪ್ಸಮ್ ಹೊದಿಕೆ ಇಲ್ಲದಾಗ, ಸುಮಾರು 6 ನಿಮಿಷದಲ್ಲಿ ಕುಸಿಯಿತು. ನೀವು ತಲುಪುವಷ್ಟರಲ್ಲಿ ಆ ಆರು ನಿಮಿಷ ಮುಗಿದಿರುತ್ತದೆ. ಹಿಂಬದಿಯಲ್ಲಿ ನೆಲಮಾಳಿಗೆಯ ಬಾಗಿಲಿದ್ದರೆ ನೀರು ಅಲ್ಲಿಂದಲೇ ಹೋಗಲಿ.

ಇನ್ನೊಂದು ತಪ್ಪು ಕಿಟಕಿ ಒಡೆಯುವುದು. ನೀರು ತುಂಬಿದ ಹೋಸ್ ಕೈಗೆ ಬರುವ ಮೊದಲು ಗಾಜು ಒಡೆದರೆ ಗಾಳಿ ನುಗ್ಗಿ ಕೋಣೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಇಂದಿನ ಫೋಮ್, ಪಾಲಿಯೆಸ್ಟರ್ ಪೀಠೋಪಕರಣದ ಕೋಣೆ ಪರೀಕ್ಷೆಯಲ್ಲಿ ನಾಲ್ಕು ನಿಮಿಷದೊಳಗೆ ಆ ಹಂತ ಮುಟ್ಟಿದೆ. ಹಳೆಯ ಕಾಲದ ಮರ ಮತ್ತು ಹತ್ತಿಯ ಸಾಮಾನಿನ ಕೋಣೆಗೆ ಅರ್ಧ ಗಂಟೆಯ ಹತ್ತಿರ ಹಿಡಿದಿತ್ತು. ಯಾರು ಯಾವಾಗ ಒಡೆಯಬೇಕೆಂದು ಕಮಾಂಡ್ ಹೇಳಬೇಕು. ಕೈಯಲ್ಲಿ ಹುಕ್ ಇರುವವನಿಗೆ ತೋಚಿದಾಗ ಅಲ್ಲ.

ನೀರಿನ ಲೆಕ್ಕ ಹೇಗೆ?

ಹೈಡ್ರಂಟ್ (ಬೆಂಕಿ ವಾಹನಕ್ಕೆ ನೀರು ಕೊಡುವ ರಸ್ತೆಬದಿಯ ನಲ್ಲಿ) ಇಲ್ಲದ ಹಳ್ಳಿಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಎಂಜಿನ್ ಟ್ಯಾಂಕಿನಲ್ಲಿ 1000 ಗ್ಯಾಲನ್, ಅಂದರೆ ಸುಮಾರು 3,785 ಲೀಟರ್ ಇದೆ ಅನ್ನಿ. ಒಂದೂಮುಕ್ಕಾಲು ಇಂಚಿನ ಹೋಸ್ ನಿಮಿಷಕ್ಕೆ 150 ಗ್ಯಾಲನ್ ಹರಿಸಿದರೆ 6 ನಿಮಿಷ 40 ಸೆಕೆಂಡ್. ಎರಡನೇ ಹೋಸ್ ತೆರೆದರೆ ಮೂರೂಕಾಲು ನಿಮಿಷದ ಆಸುಪಾಸು. ಒಳಗಿರುವ ತಂಡಕ್ಕೆ ಈ ಲೆಕ್ಕ ಗೊತ್ತಿರುವುದಿಲ್ಲ. ಟ್ಯಾಂಕ್ ಅರ್ಧವಾದಾಗ, ಕಾಲು ಉಳಿದಾಗ ಪಂಪ್ ಆಪರೇಟರ್ ರೇಡಿಯೋದಲ್ಲಿ ಹೇಳಲೇಬೇಕು. ಮುಂದಿನ ನೀರು ಎಲ್ಲಿಂದ ಎನ್ನುವುದು ನಿಲ್ದಾಣ ಬಿಡುವಾಗಲೇ ಗೊತ್ತಿರಬೇಕು: ಯಾವ ಕೆರೆ, ಯಾವ ಸೇತುವೆ, ಚಳಿಗಾಲದಲ್ಲಿ ಮಂಜುಗಟ್ಟುವ ಜಾಗ ಯಾವುದು.

ಚೀಫ್ ಸ್ವತಃ ಹೋಸ್ ಹಿಡಿದು ಒಳಗೆ ಹೋದರೆ ತಪ್ಪೇನು?

ನೋಡುವವರಿಗೆ ಧೈರ್ಯವಾಗಿ ಕಾಣುತ್ತದೆ. ಆದರೆ ಆ ಹೊತ್ತಿಗೆ ಇಡೀ ಬೆಂಕಿಯನ್ನು ನೋಡುತ್ತಿರುವವರು ಯಾರೂ ಇಲ್ಲ. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು ಎಂದು ಘಟನಾ ನಿರ್ವಹಣಾ ಪದ್ಧತಿ ಹೇಳುತ್ತದೆ. ಹೊಗೆಯಲ್ಲಿ ಮೊಣಕಾಲೂರಿದ ಚೀಫ್ ಒಬ್ಬರನ್ನೂ ನಡೆಸಲಾರರು. ಮೂವರೇ ಇರುವ ಎಂಜಿನ್‌ನಲ್ಲಿ ಲೆಫ್ಟಿನೆಂಟ್ ಕೈಜೋಡಿಸಬೇಕಾಗುತ್ತದೆ, ಅದು ನಿಜ. ಮುಂದಿನ ಆಫೀಸರ್ ಬಂದ ಕೂಡಲೇ ಮುಖಾಮುಖಿಯಾಗಿ, ಇಲ್ಲವಾದರೆ ರೇಡಿಯೋದಲ್ಲಿ ಹೆಸರು ಹೇಳಿ, ಕಮಾಂಡ್ ದಾಟಿಸಬೇಕು. ಚೀಫ್‌ಗಳ ಬಿಳಿ ಹೆಲ್ಮೆಟ್ ಹಾಕಿದ ಮೂವರು ಮೂರು ಬದಿಯಿಂದ ಮೂರು ಆಜ್ಞೆ ಕೊಡುವುದು ಸ್ವಯಂಸೇವಕ ಕಂಪನಿಗಳ ಹಳೆಯ ಕಾಯಿಲೆ. ಮಾಜಿ ಚೀಫ್‌ಗಳಿರುವಲ್ಲಿ ಇನ್ನೂ ಜೋರು.

ಒಳಗೆ ಯಾರಿದ್ದಾರೆಂಬ ಲೆಕ್ಕ ಯಾರಿಡಬೇಕು?

ಕಮಾಂಡ್. ಪ್ರತಿಯೊಬ್ಬರ ಬಳಿ ಹೆಸರಿನ ಟ್ಯಾಗ್ ಇರುತ್ತದೆ, ಒಳಹೋಗುವ ಮೊದಲು ಅದನ್ನು ಕಮಾಂಡ್ ಬಳಿಯ ಹಾಜರಿ ಬೋರ್ಡಿಗೆ ಕೊಡಬೇಕು. ಸ್ವಂತ ಕಾರಿನಲ್ಲಿ ನೇರವಾಗಿ ಸ್ಥಳಕ್ಕೆ ಬರುವವರೇ ಈ ಪದ್ಧತಿಯ ತೂತು. ಟ್ಯಾಗ್ ಕೊಡದೆ ಕೆಲಸಕ್ಕಿಳಿದವರನ್ನು, ಎಷ್ಟೇ ಹಿರಿಯರಾಗಿರಲಿ, ವಾಪಸ್ ಕಳಿಸಿ. ಎರಡು ಸಲ ಕಳಿಸಿದರೆ ಮೂರನೇ ಸಲ ಟ್ಯಾಗ್ ತಾನೇ ಬರುತ್ತದೆ.

ಹತ್ತು ಅಥವಾ ಇಪ್ಪತ್ತು ನಿಮಿಷಕ್ಕೊಮ್ಮೆ, ಹಾಗೆಯೇ ಒಳಗಿನಿಂದ ಹೊರಕ್ಕೆ ತಂತ್ರ ಬದಲಿಸಿದಾಗ, ಕುಸಿತವಾದಾಗ ಎಲ್ಲ ತಂಡಗಳ ತಲೆ ಎಣಿಕೆ ಕೇಳಿ. ಅರ್ಧ ಗಂಟೆಯದೆಂದು ಬರೆದಿರುವ ಸಿಲಿಂಡರ್ ಕಷ್ಟದ ಕೆಲಸದಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೇ ಖಾಲಿ. ಮೂರನೇ ಒಂದು ಭಾಗ ಉಳಿದಾಗ ಅಲಾರಂ ಕೂಗುತ್ತದೆ, ಆದರೆ ಅದು ಹೊರಡುವ ಗಂಟೆಯಲ್ಲ: ಅಲಾರಂ ಕೂಗುವಾಗ ಹೊರಗಿರಬೇಕು. "ಮೇಡೇ" (ಪ್ರಾಣಾಪಾಯದಲ್ಲಿದ್ದೇನೆ) ಎಂದು ಯಾರಾದರೂ ಕರೆದರೆ ಉಳಿದವರೆಲ್ಲ ರೇಡಿಯೋ ಬಿಡಬೇಕು. ಕರೆದವರು ಎಲ್ಲಿದ್ದೇನೆ, ಯಾವ ತಂಡ, ಹೆಸರು, ಎಷ್ಟು ಗಾಳಿ ಉಳಿದಿದೆ, ಏನು ಸಹಾಯ ಬೇಕು ಎಂದು ಹೇಳಬೇಕು. ಬೆಂಕಿಗೆ ಹೊಡೆಯುತ್ತಿರುವ ನೀರು ಮಾತ್ರ ನಿಲ್ಲಬಾರದು.

ಯಾವಾಗ ಹಿಂದೆ ಸರಿಯಬೇಕು?

ಉಳಿಸಬಹುದಾದ ಜೀವ ಇಲ್ಲವೆಂದು ಖಚಿತವಾದ ಮೇಲೆ ಕಟ್ಟಡಕ್ಕಾಗಿ ಯಾರ ಪ್ರಾಣವನ್ನೂ ಪಣಕ್ಕಿಡಬಾರದು. ಇದನ್ನು ಒಪ್ಪದವರು ಯಾರೂ ಇಲ್ಲ. ಸ್ಥಳದಲ್ಲಿ ಪಾಲಿಸುವುದೇ ಕಷ್ಟ, ಯಾಕೆಂದರೆ ಉರಿಯುತ್ತಿರುವುದು ಪರಿಚಯದವರ ಮನೆ, ಊರಿನವರ ಅಂಗಡಿ.

2013ರ ಏಪ್ರಿಲ್ 17ರಂದು ಟೆಕ್ಸಸ್‌ನ ವೆಸ್ಟ್ ಎಂಬ ಊರಿನ ರಸಗೊಬ್ಬರ ಗೋದಾಮಿಗೆ ಬೆಂಕಿ ಬಿತ್ತು. ಅಲ್ಲಿನ ಸ್ವಯಂಸೇವಕರು ಧಾವಿಸಿದರು. ಬೆಂಕಿ ಕಂಡ ಸುಮಾರು ಇಪ್ಪತ್ತು ನಿಮಿಷಕ್ಕೆ ಅಮೋನಿಯಂ ನೈಟ್ರೇಟ್ ಸಿಡಿಯಿತು. ಸತ್ತ 15 ಜನರಲ್ಲಿ 12 ಮಂದಿ ತುರ್ತು ಕೆಲಸಕ್ಕೆ ಬಂದವರು. ಘಟನಾ ನಿರ್ವಹಣೆ, ಮುಂಚಿತ ಯೋಜನೆ, ಆ ರಾಸಾಯನಿಕದ ಅಪಾಯದ ತರಬೇತಿ ಮೂರರಲ್ಲೂ ಕೊರತೆಯಿತ್ತೆಂದು ಫೆಡರಲ್ ತನಿಖೆ ಕಂಡಿತು. ನಿಮ್ಮ ವ್ಯಾಪ್ತಿಯಲ್ಲಿ ಗೊಬ್ಬರ, ಗ್ಯಾಸ್, ಬ್ಯಾಟರಿ, ಬಣ್ಣದ ಗೋದಾಮು ಯಾವುದಿದೆಯೋ ಅಲ್ಲಿಗೆ ವರ್ಷಕ್ಕೊಮ್ಮೆ ಹಗಲಿನಲ್ಲಿ ಹೋಗಿ ಒಳಗೆ ನೋಡಿ. ಯಾವುದಕ್ಕೆ ಬೆಂಕಿ ಬಿದ್ದರೆ ನೀರು ಹೊಡೆಯದೆ ಜನರನ್ನು ಎಷ್ಟು ದೂರ ಕಳಿಸಬೇಕು ಎಂದು ಒಂದೇ ಹಾಳೆಯಲ್ಲಿ ಬರೆದು ಎಂಜಿನ್‌ನ ಮುಂದಿನ ಸೀಟಿನಲ್ಲಿಡಿ. ನಡುರಾತ್ರಿ ಹೊಗೆಯ ಮುಂದೆ ಇದನ್ನೆಲ್ಲ ಯೋಚಿಸಲು ಆಗುವುದಿಲ್ಲ.

ತರಬೇತಿ ರಾತ್ರಿಯನ್ನು ಹೇಗೆ ನಡೆಸಬೇಕು?

ವಾರಕ್ಕೆ ಎರಡು ಗಂಟೆ ಸಿಗುತ್ತದೆ ಎಂದುಕೊಳ್ಳಿ. ಜನ ಆಫೀಸ್ ಮುಗಿಸಿ, ಮಕ್ಕಳ ಹೋಮ್‌ವರ್ಕ್ ಬಿಟ್ಟು ಬಂದಿದ್ದಾರೆ. ಏಳಕ್ಕೆ ಬರಲು ಹೇಳಿ ಏಳೂವರೆಗೆ "ಇವತ್ತು ಏನು ಮಾಡೋಣ?" ಎಂದು ಕೇಳುವ ಆಫೀಸರ್ ಮುಂದಿನ ವಾರದ ಅರ್ಧ ಹಾಜರಿಯನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಮೂರು ತಿಂಗಳ ಪಟ್ಟಿ ಗೋಡೆಯ ಮೇಲಿರಲಿ. ಮೂಲ ಕೆಲಸಗಳು ಬೇಸರ ಬರುವಷ್ಟು ಸಲ ಆಗಲಿ: ಮಾಸ್ಕ್ ಹಾಕಿ ಗಾಳಿ ತೆರೆಯುವುದು, ಹೋಸ್ ತಿರುಚದಂತೆ ಎಳೆಯುವುದು, 24 ಅಡಿ ಏಣಿ ಎತ್ತುವುದು, ಕೈಗವಸು ಹಾಕಿಕೊಂಡೇ ಮೇಡೇ ಬಟನ್ ಒತ್ತುವುದು. ಹಗಲಿನಲ್ಲಿ ಬರುವ ಆ ಮೂವರನ್ನೇ ಒಂದು ತಂಡ ಮಾಡಿ, ಮೂವರಿಂದ ಏನಾಗುತ್ತದೆ ಎಂದು ಅಭ್ಯಾಸ ಮಾಡಿಸಿ. ಹದಿನೆಂಟು ಜನರ ಡ್ರಿಲ್ ನೋಡಲು ಚೆಂದ, ಮಂಗಳವಾರ ಮಧ್ಯಾಹ್ನಕ್ಕೆ ಉಪಯೋಗವಿಲ್ಲ.

ನಿಜವಾದ ಬೆಂಕಿ ಹಚ್ಚಿ ಕಲಿಸುವುದು ಬೇರೆಯೇ ಮಾತು. ಅದಕ್ಕೆ ಎನ್‌ಎಫ್‌ಪಿಎ 1403 ಮಾನದಂಡ ಇದೆ, ಅದನ್ನು ಅಕ್ಷರಶಃ ಪಾಲಿಸಬೇಕು. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಲೈರ್ಡ್ಸ್‌ವಿಲ್‌ನಲ್ಲಿ, ಸಿಕ್ಕಿಬಿದ್ದವನ ಪಾತ್ರ ಮಾಡಲು ಹೊಸ ಸದಸ್ಯನನ್ನು ಮೇಲಿನ ಮಹಡಿಯಲ್ಲಿಟ್ಟು ಕೆಳಗೆ ಬೆಂಕಿ ಹಚ್ಚಲಾಯಿತು. ಬೆಂಕಿ ಕೈಮೀರಿತು. 19 ವರ್ಷದ ಆ ಹುಡುಗ ಸತ್ತ. ತರಬೇತಿ ನಡೆಸಿದ ಅಸಿಸ್ಟೆಂಟ್ ಚೀಫ್‌ಗೆ ಅಪರಾಧದ ಮಟ್ಟದ ನಿರ್ಲಕ್ಷ್ಯದಿಂದಾದ ಸಾವಿನ ಪ್ರಕರಣದಲ್ಲಿ ಶಿಕ್ಷೆಯಾಯಿತು. ಸಂತ್ರಸ್ತನ ಪಾತ್ರಕ್ಕೆ ಬೊಂಬೆ, ಮನುಷ್ಯ ಎಂದಿಗೂ ಅಲ್ಲ. ಸ್ವಯಂಸೇವಕ ಎಂಬ ಕಾರಣಕ್ಕೆ ಕಾನೂನು ಆಫೀಸರ್‌ನ ಹೊಣೆ ಕಡಿಮೆ ಮಾಡುವುದಿಲ್ಲ.

ವಾಹನಗಳ ವಿಷಯದಲ್ಲಿ ಆಫೀಸರ್ ಏನು ಗಮನಿಸಬೇಕು?

ಎಲ್ಲರ ಸೀಟ್ ಬೆಲ್ಟ್ ಬಿಗಿಯಾಗುವ ತನಕ ಚಕ್ರ ತಿರುಗಬಾರದು. ಮುಂದಿನ ಸೀಟಿನ ಆಫೀಸರ್ ತಿರುಗಿ ನೋಡಿ, ಪ್ರತಿಯೊಬ್ಬರಿಂದ ಬಾಯಿಬಿಟ್ಟು ಉತ್ತರ ಪಡೆಯಬೇಕು. ಕೆಂಪು ದೀಪದ ಕೂಡುರಸ್ತೆಯಲ್ಲಿ ಪೂರ್ತಿ ನಿಲ್ಲಬೇಕು. ಟ್ಯಾಂಕರ್‌ಗೆ ಅನುಭವಿ ಡ್ರೈವರ್ ಮಾತ್ರ: 1500 ಗ್ಯಾಲನ್ ನೀರೊಂದೇ 5.6 ಟನ್ನಿಗೂ ಹೆಚ್ಚು, ಬಲಗಡೆ ಚಕ್ರ ರಸ್ತೆಯ ಅಂಚು ಬಿಟ್ಟಾಗ ಗಾಬರಿಯಿಂದ ಸ್ಟಿಯರಿಂಗ್ ಎಳೆದರೆ ಮಗುಚುತ್ತದೆ. ಎಳೆಯಬಾರದು, ವೇಗ ಇಳಿಸಿ ಮೆಲ್ಲಗೆ ಮೇಲೆ ಬರಬೇಕು. ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಸದಸ್ಯರ ಸ್ವಂತ ಕಾರಿನ ನೀಲಿ ದೀಪ ದಾರಿ ಕೊಡಿರೆಂಬ ವಿನಂತಿ ಅಷ್ಟೇ, ಸಂಚಾರ ನಿಯಮ ಮುರಿಯುವ ಪರವಾನಗಿ ಅಲ್ಲ. ಮೊದಲ ದೂರಿಗೇ ನೀಲಿ ದೀಪದ ಅನುಮತಿ ವಾಪಸ್ ಪಡೆಯುವ ಚೀಫ್ ಜನಪ್ರಿಯರಾಗುವುದಿಲ್ಲ, ಆದರೂ ಅದೇ ಸರಿ.

ಸದಸ್ಯರ ಆರೋಗ್ಯ ಆಫೀಸರ್‌ನ ಕೆಲಸವೇ?

ಹೌದು. ಕರ್ತವ್ಯದಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಅತಿ ಹೆಚ್ಚು ಮಂದಿಯನ್ನು ವರ್ಷಗಳಿಂದ ಕೊಲ್ಲುತ್ತಿರುವುದು ಜ್ವಾಲೆಯಲ್ಲ, ಹೃದಯಾಘಾತ. ಐವತ್ತೈದು ವರ್ಷದ, ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಮನುಷ್ಯ ನಿದ್ದೆಯಿಂದೆದ್ದು ಇಪ್ಪತ್ತು ಕಿಲೋಗೂ ಹೆಚ್ಚು ಭಾರ ಹೊತ್ತು ಮೆಟ್ಟಿಲು ಹತ್ತುತ್ತಾನೆ. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿ. ಅರ್ಧ ಗಂಟೆಯ ಒಂದು ಸಿಲಿಂಡರ್ ಮುಗಿದ ಮೇಲೆ ಕನಿಷ್ಠ 10 ನಿಮಿಷ ನೀರು ಕುಡಿದು ವಿಶ್ರಾಂತಿ, ಎರಡು ಮುಗಿದ ಮೇಲೆ ಕನಿಷ್ಠ 20 ನಿಮಿಷ ನಾಡಿ, ರಕ್ತದೊತ್ತಡ ನೋಡುವವರ ಬಳಿ. "ನಾನು ಚೆನ್ನಾಗಿದೀನಿ ಚೀಫ್" ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕ್ಯಾನ್ಸರ್ ಎರಡನೇ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯ ಒಡ್ಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಸಿ ಹಿಡಿದ ಕೋಟು ಹೆಮ್ಮೆಯ ಗುರುತಾಗಿದ್ದ ಕಾಲ ಹೋಯಿತು. ಸ್ಥಳದಲ್ಲೇ ಸೋಪು, ಬ್ರಷ್, ನೀರಿನಿಂದ ತೊಳೆದು, ಕತ್ತು ಕೈ ಒರೆಸಿ, ಚೀಲದಲ್ಲಿ ಕಟ್ಟಿ ತನ್ನಿ. ಕೋಟನ್ನು ಕಾರಿನೊಳಗೆ ಮಗುವಿನ ಸೀಟಿನ ಪಕ್ಕ ಇಟ್ಟುಕೊಂಡು ಮನೆಗೆ ಹೋಗುವುದಂತೂ ಬೇಡವೇ ಬೇಡ.

ಗಡ್ಡ ಬಿಟ್ಟರೆ ಆಗುವುದಿಲ್ಲವೇ?

ಮಾಸ್ಕ್ ಮುಖಕ್ಕೆ ಅಂಟುವ ಜಾಗದಲ್ಲಿ ಕೂದಲಿದ್ದರೆ ಗಾಳಿ ಸೋರುತ್ತದೆ, ಏರ್ ಪ್ಯಾಕ್ ಹಾಕುವಂತಿಲ್ಲ. ಶಬರಿಮಲೆಗೆ ಮಾಲೆ ಹಾಕಿ 41 ದಿನ ವ್ರತದಲ್ಲಿರುವವರು ಮೊದಲೇ ಆಫೀಸರ್‌ಗೆ ತಿಳಿಸಿ. ಆ ಅವಧಿಯಲ್ಲಿ ಪಂಪ್, ನೀರು ಪೂರೈಕೆ, ರಸ್ತೆ ನಿಯಂತ್ರಣ, ಟ್ಯಾಗ್ ಬೋರ್ಡ್ ಎಂದು ಹೊರಗೆ ಕೈತುಂಬ ಕೆಲಸವಿದೆ. ಆಫೀಸರ್ ನಗದೆ, ಕೆದಕದೆ ಕೆಲಸ ಬದಲಿಸಿ ಕೊಡಬೇಕು, ನಿಯಮ ಮಾತ್ರ ಸಡಿಲಿಸಬಾರದು.

ಮೂವತ್ತು ವರ್ಷದ ಹಿರಿಯ ಸದಸ್ಯ ಹೊಸ ಲೆಫ್ಟಿನೆಂಟ್ ಮಾತು ಕೇಳದಿದ್ದರೆ?

ಹಿರಿಯರಿಗೆ ಗೊತ್ತಿರುವುದನ್ನು ಮೊದಲು ಬಳಸಿಕೊಳ್ಳಿ. ಯಾವ ಹೈಡ್ರಂಟ್‌ನಲ್ಲಿ ಒತ್ತಡ ಕಮ್ಮಿ, ಯಾವ ಹಳೆ ಮಿಲ್ಲಿನ ನೆಲ ಟೊಳ್ಳು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಡ್ರಿಲ್‌ನಲ್ಲಿ ಒಂದು ಭಾಗ ಕಲಿಸಲು ಅವರನ್ನೇ ಕೇಳಿ. ಹಾಗೂ ಬಗ್ಗದಿದ್ದರೆ, "ಸಾರ್, ಮೀಟಿಂಗ್‌ನಲ್ಲಿ ನನ್ನ ತಪ್ಪು ಎತ್ತಿ ತೋರಿಸಿ, ಸ್ಥಳದಲ್ಲಿ ಮಾತ್ರ ನಾನು ಹೇಳಿದ್ದು ಮಾಡಿ" ಎಂದು ಒಬ್ಬರೇ ಇರುವಾಗ ನೇರವಾಗಿ ಹೇಳಿ. ಅದಾದ ಮೇಲೆ ಲಿಖಿತ ಎಚ್ಚರಿಕೆ. ಗೆಳೆಯನಿಗೊಂದು, ಉಳಿದವರಿಗೊಂದು ನಿಯಮ ಮಾಡಿದ ದಿನ ಹೊಸಬರು ಅದನ್ನು ನೋಡಿಯೇ ನೋಡುತ್ತಾರೆ.

ಹೊಸಬರು ಸೇರಿ ಆರು ತಿಂಗಳಿಗೇ ಬಿಡುತ್ತಾರೆ. ಯಾಕೆ?

ಬಹುತೇಕ ಸಲ ಕಾರಣ ಬೆಂಕಿಯ ಭಯವಲ್ಲ. ಬಂದ ದಿನ ಯಾರೂ ಮಾತಾಡಿಸಲಿಲ್ಲ. ಅಳತೆಗೆ ಸರಿಯಾದ ಕೋಟು ಬರಲು ನಾಲ್ಕು ತಿಂಗಳಾಯಿತು. ಮೂಲ ತರಬೇತಿ ಹಲವು ರಾಜ್ಯಗಳಲ್ಲಿ ನೂರು ಗಂಟೆ ಮೀರುತ್ತದೆ ಎಂದು ಮೊದಲೇ ಹೇಳಲಿಲ್ಲ, ಮನೆಯಲ್ಲಿ ಜಗಳವಾಯಿತು. ಅರ್ಜಿ ಕೊಟ್ಟ ವಾರದೊಳಗೆ ಒಬ್ಬ ಮಾರ್ಗದರ್ಶಕರನ್ನು ಗೊತ್ತು ಮಾಡಿ, ಗಂಡ ಅಥವಾ ಹೆಂಡತಿಯನ್ನೂ ಕರೆದು ಎಷ್ಟು ಸಮಯ ಹೋಗುತ್ತದೆಂದು ಮುಚ್ಚುಮರೆ ಇಲ್ಲದೆ ಹೇಳಿ, ಮೊದಲ ದಿನದಿಂದಲೇ ಹೊರಗಿನ ಒಂದು ಕೆಲಸ ವಹಿಸಿ. ಹೊಸಬರನ್ನು ಗೋಳುಹೊಯ್ದುಕೊಳ್ಳುವ "ಸಂಪ್ರದಾಯ" ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಬಿಟ್ಟು ಹೋಗುವವರಿಗೆ ಫೋನ್ ಮಾಡಿ ಯಾಕೆಂದು ಕೇಳುವ ಚೀಫ್‌ಗಳು ಬಹಳ ಕಡಿಮೆ.

ಹಣದ ವಿಷಯದಲ್ಲಿ ಏನು ಎಚ್ಚರ?

ಬಿಂಗೊ, ಚಿಕನ್ ಬಾರ್ಬೆಕ್ಯೂ, ಪ್ಯಾನ್‌ಕೇಕ್ ತಿಂಡಿ, ಜಾತ್ರೆ ಹೀಗೆ ಬರುವ ಹಣ ಬಹುಪಾಲು ನಗದು. ಸಂಬಂಧಿಕರಲ್ಲದ ಇಬ್ಬರು ಅಲ್ಲೇ ಎಣಿಸಿ ಸಹಿ ಹಾಕಬೇಕು. ಚೆಕ್ಕಿಗೆ ಎರಡು ಸಹಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ರೆಶರರ್ ಅಲ್ಲದ ಇನ್ನೊಬ್ಬರು ಮೊದಲು ತೆರೆದು ಲೆಕ್ಕ ತಾಳೆ ಮಾಡಬೇಕು. ವರ್ಷಕ್ಕೊಮ್ಮೆ ಹೊರಗಿನವರ ಆಡಿಟ್. ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ ಸತತ ಮೂರು ವರ್ಷ ಫಾರ್ಮ್ 990 (ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ವಿವರ) ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. "ನಮ್ಮವರ ಮೇಲೆ ಅನುಮಾನವೇ?" ಎಂದು ಯಾರಾದರೂ ನೊಂದುಕೊಂಡರೆ, ಈ ನಿಯಮಗಳು ಪ್ರಾಮಾಣಿಕ ಟ್ರೆಶರರ್‌ಗೂ ರಕ್ಷಣೆ ಎಂದು ತಿಳಿಸಿ.

ಮಗು ಸತ್ತಂಥ ಕರೆಯ ನಂತರ ಏನು ಮಾಡಬೇಕು?

ಅದೇ ರಾತ್ರಿ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗಿರಲಿ. ಮಾತಾಡಲು ಯಾರನ್ನೂ ಒತ್ತಾಯಿಸಬೇಡಿ. ಮುಂದಿನ ಮೂರು ದಿನದೊಳಗೆ ಸ್ಥಳದಲ್ಲಿದ್ದ ಪ್ರತಿಯೊಬ್ಬರಿಗೂ ಆಫೀಸರ್ ಫೋನ್ ಮಾಡಬೇಕು. ಹೊರಗೆ ನಿಂತು ಟ್ರಾಫಿಕ್ ನೋಡಿದವರನ್ನು ಎಲ್ಲರೂ ಮರೆಯುತ್ತಾರೆ, ಅವರಿಗೂ ಮಾಡಿ. ನಿದ್ದೆ ಬಾರದಿರುವುದು, ಕುಡಿತ ಹೆಚ್ಚಾಗುವುದು, ಕರೆಗಳಿಗೆ ಬಾರದಿರುವುದು ವಾರಗಟ್ಟಲೆ ಮುಂದುವರಿದರೆ ವೃತ್ತಿಪರರ ನೆರವು ಬೇಕು. ಆತ್ಮಹತ್ಯೆಯ ಯೋಚನೆ ಬಂದವರಿಗೆ ಅಮೆರಿಕದಾದ್ಯಂತ 988 ಸಹಾಯವಾಣಿ ಹಗಲೂ ರಾತ್ರಿ ಇದೆ.

ಅಮೆರಿಕದಲ್ಲಿರುವ ಕನ್ನಡಿಗರು ಸೇರಬಹುದೇ?

ಹಲವು ಕಂಪನಿಗಳಲ್ಲಿ ಪೌರತ್ವ ಕೇಳುವುದಿಲ್ಲ, ಊರಿನಲ್ಲಿ ವಾಸ, ವಯಸ್ಸು, ಆರೋಗ್ಯ, ಹಿನ್ನೆಲೆ ಪರಿಶೀಲನೆ ನೋಡುತ್ತಾರೆ. ಕೆಲಸದ ವೀಸಾದಲ್ಲಿರುವವರು ಒಂದು ವಿಷಯ ನೋಡಿಕೊಳ್ಳಬೇಕು: ಕರೆಗೆ ಇಷ್ಟೆಂದು ಹಣ, ಭತ್ಯೆ, ಸೇವಾವಧಿ ಪಿಂಚಣಿ ಇತ್ಯಾದಿ ಇದ್ದರೆ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕೇಳಿ. ನಮ್ಮ ಉಚ್ಚಾರಣೆ ರೇಡಿಯೋದಲ್ಲಿ ಅರ್ಥವಾಗುತ್ತದೋ ಎಂಬ ಅಳುಕು ಹಲವರಿಗೆ. ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು, ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಮಾತಾಡಿದರೆ ಸಾಕು. ಅಲ್ಲೇ ಹುಟ್ಟಿದವರಿಗೂ ಅದನ್ನೇ ಕಲಿಸಬೇಕಾಗುತ್ತದೆ. ಭಾರತೀಯರು ಹೆಚ್ಚಿರುವ ಬಡಾವಣೆಗಳಲ್ಲಿ ಅಜ್ಜ ಅಜ್ಜಿಯನ್ನು ಅವರ ಭಾಷೆಯಲ್ಲೇ "ಮನೇಲಿ ಇನ್ಯಾರಿದ್ದಾರೆ?" ಎಂದು ಕೇಳಬಲ್ಲ ಒಬ್ಬ ಸದಸ್ಯ ಇದ್ದರೆ ಕಮಾಂಡ್‌ಗೆ ದೊಡ್ಡ ಬಲ.

ಚೀಫ್ ಯಾವಾಗ ಬಿಡಬೇಕು? ಬಿಡುವಾಗ ಏನು ಕೊಟ್ಟು ಹೋಗಬೇಕು?

ಬೈಲಾದಲ್ಲಿ ಅವಧಿಯ ಮಿತಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೊನೆಯ ವರ್ಷದಲ್ಲಿ ಅಸಿಸ್ಟೆಂಟ್ ಚೀಫ್‌ಗೆ ಸಣ್ಣ ಬೆಂಕಿಗಳ ಕಮಾಂಡ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಅಭ್ಯಾಸ ಮಾಡಿಕೊಳ್ಳಬೇಕು. ಹಸ್ತಾಂತರದ ದಿನ ಕಾಗದದಲ್ಲಿರಬೇಕಾದದ್ದು: ಪಂಪ್, ಏಣಿ, ಹೋಸ್ ಪರೀಕ್ಷೆಯ ದಿನಾಂಕಗಳು, ಸಿಲಿಂಡರ್‌ಗಳ ಒತ್ತಡ ಪರೀಕ್ಷೆ ಮುಗಿಯುವ ವರ್ಷ, ಪ್ರತಿ ಕೋಟು ತಯಾರಾದ ತಿಂಗಳು, ಯಾಕೆಂದರೆ ಹತ್ತು ವರ್ಷ ತುಂಬಿದ್ದನ್ನು ತೆಗೆದುಹಾಕಬೇಕು, ಅರ್ಧದಲ್ಲಿರುವ ಅನುದಾನ ಅರ್ಜಿಗಳು ಮತ್ತು ಅವುಗಳ ಪಾಸ್‌ವರ್ಡ್, ನೆರವಿನ ಒಪ್ಪಂದಗಳ ಪ್ರತಿ, ಶಿಸ್ತಿನ ಕಡತಗಳು. ಆಮೇಲೆ ಬಿಳಿ ಹೆಲ್ಮೆಟ್ ತೆಗೆದಿಟ್ಟು, ಮುಂದಿನ ಕರೆಗೆ ಬಂದಾಗ ಎಲ್ಲರ ಹಾಗೆ ಟ್ಯಾಗ್ ಕೊಟ್ಟು ಕೆಲಸ ಕೇಳಬೇಕು.